ಏಳು ಸಲ ಹಣಕಾಸು ಸಚಿವ: ತಕಹಾಶಿ ಕೊರೆಕಿಯೊ ಅವರ ಕೈಯಲ್ಲಿ ನಿಜಕ್ಕೂ ಏನಿತ್ತು?

ಪ್ರಶ್ನೆ: ಜಪಾನಿನ ಆರ್ಥಿಕ ಇತಿಹಾಸ ಓದುವಾಗ ತಕಹಾಶಿ ಕೊರೆಕಿಯೊ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಏಳು ಸಲ ಹಣಕಾಸು ಸಚಿವರು, ಒಮ್ಮೆ ಪ್ರಧಾನಿ, ಕೊನೆಗೆ ತಮ್ಮದೇ ದೇಶದ ಸೈನಿಕರಿಂದ ಕೊಲೆ. ದೊಡ್ಡ ಮನೆತನವಿಲ್ಲ, ವಿಶ್ವವಿದ್ಯಾಲಯದ ಪದವಿಯೂ ಇಲ್ಲ. ಚಕ್ರವರ್ತಿಯ ಹೆಸರಿನಲ್ಲಿ ಆಡಳಿತ ನಡೆಯುತ್ತಿದ್ದ ದೇಶದಲ್ಲಿ ಇಂಥವರು ಅಲ್ಲಿಗೆ ತಲುಪಿದ್ದು ಹೇಗೆ? ಅಷ್ಟು ಅಧಿಕಾರವಿದ್ದೂ ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಯಾಕಾಗಲಿಲ್ಲ?

ಉತ್ತರ: ‘ಅಷ್ಟು ಅಧಿಕಾರವಿದ್ದೂ’ ಎಂದಿರಲ್ಲ, ತೊಡಕಿರುವುದೇ ಅಲ್ಲಿ. ನಮ್ಮ ಇಂದಿನ ಸಂಪುಟವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಾಲದ ಜಪಾನನ್ನು ನೋಡಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೊದಲು ಸಚಿವ ಸ್ಥಾನ ಅಂದರೆ ಏನಾಗಿತ್ತು ಎಂಬುದನ್ನು ನೋಡೋಣ, ವ್ಯಕ್ತಿಯ ವಿಚಾರಕ್ಕೆ ಆಮೇಲೆ ಬರೋಣ.

1889ರ ಸಂವಿಧಾನದಲ್ಲಿ ‘ಸಂಪುಟ’ ಎಂಬ ಪದವೂ ಇಲ್ಲ, ‘ಪ್ರಧಾನಿ’ ಎಂಬ ಪದವೂ ಇಲ್ಲ. ಸಂಪುಟ ಪದ್ಧತಿ ಅದಕ್ಕೂ ಮೊದಲೇ, 1885ರ ಡಿಸೆಂಬರಿನಲ್ಲಿ ಬಂದಿತ್ತು. ಸಂವಿಧಾನದ 55ನೇ ವಿಧಿ ಹೇಳುವುದು ಇಷ್ಟೇ: ಸಚಿವರು ಒಬ್ಬೊಬ್ಬರೂ ತಮ್ಮ ತಮ್ಮ ವಿಷಯದಲ್ಲಿ ಚಕ್ರವರ್ತಿಗೆ ಸಲಹೆ ಕೊಡಬೇಕು, ಅದಕ್ಕೆ ತಾವೇ ಹೊಣೆಯಾಗಬೇಕು, ಕಾನೂನಿಗೂ ರಾಜಾಜ್ಞೆಗೂ ಸಹಿ ಹಾಕಬೇಕು. ಅಂದರೆ ಸಚಿವರು ಪ್ರಧಾನಿಗೆ ಅಲ್ಲ, ಚಕ್ರವರ್ತಿಗೆ ನೇರವಾಗಿ ಉತ್ತರದಾಯಿ. ಒಬ್ಬ ಸಚಿವರು ‘ನಾನು ಒಪ್ಪುವುದಿಲ್ಲ, ರಾಜೀನಾಮೆಯನ್ನೂ ಕೊಡುವುದಿಲ್ಲ’ ಎಂದು ಕೂತರೆ ಪ್ರಧಾನಿ ಅವರನ್ನು ಕಿತ್ತುಹಾಕುವಂತಿಲ್ಲ. ಆಗ ಉಳಿಯುವ ದಾರಿ ಒಂದೇ, ಇಡೀ ಸಂಪುಟದ ರಾಜೀನಾಮೆ. ಪ್ರಧಾನಿಯನ್ನು ಸೂಚಿಸುತ್ತಿದ್ದವರು ಗೆನ್ರೊ ಎಂದು ಕರೆಸಿಕೊಳ್ಳುತ್ತಿದ್ದ ಹಿರಿಯ ಮುತ್ಸದ್ದಿಗಳು. ಸಂಸತ್ತಿನಲ್ಲಿ ಬಹುಮತವಿದ್ದರೆ ಅನುಕೂಲ, ಆದರೆ ಅದು ನಿಯಮವೇನೂ ಅಲ್ಲ.

ಸೇನೆಯ ವಿಷಯದಲ್ಲಿ ಗಂಟು ಇನ್ನೂ ಬಿಗಿ. 1900ರಿಂದ 1913ರವರೆಗೆ ಭೂಸೇನಾ ಸಚಿವರೂ ನೌಕಾ ಸಚಿವರೂ ಸೇವೆಯಲ್ಲಿರುವ ಜನರಲ್ ಅಥವಾ ಅಡ್ಮಿರಲ್ ಆಗಿರಲೇಬೇಕಿತ್ತು. ಸೇನೆ ತನ್ನವರನ್ನು ಹಿಂದಕ್ಕೆ ಕರೆಸಿಕೊಂಡು ಇನ್ನೊಬ್ಬರನ್ನು ಕೊಡದಿದ್ದರೆ ಸರ್ಕಾರ ಬಿತ್ತು ಎಂದೇ ಅರ್ಥ. 1912ರ ಡಿಸೆಂಬರಿನಲ್ಲಿ ಆದದ್ದು ಅದೇ. ಎರಡು ಹೊಸ ಡಿವಿಜನ್, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳನ್ನು, ಕೇಳಿದ ಭೂಸೇನಾ ಸಚಿವ ಉಎಹಾರಾ ಅವರಿಗೆ ಸಂಪುಟ ಇಲ್ಲವೆಂದಿತು. ಅವರು ಹೊರನಡೆದರು, ಸೇನೆ ಬದಲಿ ಕೊಡಲಿಲ್ಲ, ಸೈಒಂಜಿ ಸಂಪುಟ ಉರುಳಿತು. ಯುದ್ಧದ ಆದೇಶಗಳಂತೂ ಸಂಪುಟದ ಮುಂದೆ ಬರುತ್ತಲೇ ಇರಲಿಲ್ಲ. ದಂಡಿನ ಮುಖ್ಯಸ್ಥರು ನೇರ ಚಕ್ರವರ್ತಿಯ ಬಳಿ ಹೋಗುತ್ತಿದ್ದರು.

ಇಷ್ಟರ ನಡುವೆ ಹಣಕಾಸು ಸಚಿವರ ಬಳಿ ಇದ್ದ ಅಸ್ತ್ರ ಯಾವುದು? ಬಜೆಟ್ ಲೆಕ್ಕ. ಇಲಾಖೆಗಳ ಬೇಡಿಕೆಗಳೆಲ್ಲ ಮೊದಲು ಹಣಕಾಸು ಇಲಾಖೆಗೆ ಬರಬೇಕು, ಅಲ್ಲಿ ಕತ್ತರಿ ಬೀಳುತ್ತದೆ. ಶರತ್ಕಾಲದುದ್ದಕ್ಕೂ ಜಗ್ಗಾಟ. ವರ್ಷಾಂತ್ಯದಲ್ಲಿ ಸಂಸತ್ತು ಕೂಡುವ ಮುನ್ನ ಸಂಪುಟ ಒಮ್ಮತದಿಂದ ಒಪ್ಪಬೇಕು, ಹಣಕಾಸು ವರ್ಷ ಏಪ್ರಿಲ್ 1ರಿಂದ. ಸಂಸತ್ತು ಬಜೆಟ್ ತಿರಸ್ಕರಿಸಿದರೆ 71ನೇ ವಿಧಿಯ ಪ್ರಕಾರ ಹಿಂದಿನ ವರ್ಷದ ಬಜೆಟ್ಟೇ ಮುಂದುವರಿಯುತ್ತದೆ. ಒಮ್ಮತ ಬೇಕು ಎಂಬುದು ಎರಡಲಗಿನ ಕತ್ತಿ. ಹಣಕಾಸು ಸಚಿವರು ಹಟ ಹಿಡಿದರೂ ಸಂಪುಟ ಬೀಳುತ್ತದೆ, ಸೇನಾ ಸಚಿವರು ಹಟ ಹಿಡಿದರೂ ಬೀಳುತ್ತದೆ. ಯಾರು ಹೋದರೆ ಹೆಚ್ಚು ನಷ್ಟ ಎಂದು ಉಳಿದವರಿಗೆ ಅನಿಸುತ್ತದೋ ಅವರ ಮಾತು ನಡೆಯುತ್ತದೆ. ತಕಹಾಶಿ ಅವರ ಇಡೀ ವೃತ್ತಿಜೀವನ ಈ ಒಂದು ಲೆಕ್ಕದ ಮೇಲೆ ನಿಂತಿದೆ: ಅವರು ಬಿಟ್ಟುಹೋದರೆ ಸಾಲ ಕೊಡುವವರು ಹೆದರುತ್ತಾರೆ.

ಆ ಭಾರ ಅವರಿಗೆ ಬಂದದ್ದು ಮಾಮೂಲಿ ದಾರಿಯಿಂದಲ್ಲ. ಆ ತಲೆಮಾರಿನ ಅಧಿಕಾರ ಬಹುತೇಕ, ಅಂತರ್ಯುದ್ಧ ಗೆದ್ದು ಹೊಸ ಸರ್ಕಾರ ಕಟ್ಟಿದ ಸತ್ಸುಮ ಮತ್ತು ಚೋಶು ಸಂಸ್ಥಾನದವರ ಕೈಯಲ್ಲಿತ್ತು. ಮುಂದಿನ ತಲೆಮಾರಿನವರು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಉನ್ನತ ಆಡಳಿತ ಪರೀಕ್ಷೆ ಪಾಸು ಮಾಡಿ ಬಂದರು. ತಕಹಾಶಿ ಎರಡಕ್ಕೂ ಸೇರಿದವರಲ್ಲ. 1854ರಲ್ಲಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಒಬ್ಬ ಚಿತ್ರಕಾರರಿಗೆ ವಿವಾಹದಾಚೆ ಹುಟ್ಟಿದ ಮಗು. ಸಾಕಿಕೊಂಡದ್ದು ಸೆಂದಾಯ್ ಸಂಸ್ಥಾನದ ಕೆಳದರ್ಜೆಯ ಕಾಲಾಳಿನ ಮನೆ. 1868ರ ಅಂತರ್ಯುದ್ಧದಲ್ಲಿ ಸೆಂದಾಯ್ ಸೋತ ಪಕ್ಷ. ಅವರಿಗಿದ್ದ ಬಂಡವಾಳ ಇಂಗ್ಲಿಷ್ ಒಂದೇ. ಯೊಕೊಹಾಮಾದಲ್ಲಿ ಅಮೆರಿಕದ ವೈದ್ಯ ಹೆಪ್‌ಬರ್ನ್ ದಂಪತಿಯ ಮನೆಯಲ್ಲಿ ಕಲಿಕೆ ಶುರುವಾಯಿತು. 1867ರಲ್ಲಿ ಓದಲೆಂದು ಅಮೆರಿಕಕ್ಕೆ ಹೋದ ಹುಡುಗ, ಏನೆಂದು ತಿಳಿಯದೆ ಒಂದು ಕಾಗದಕ್ಕೆ ಸಹಿ ಹಾಕಿ ಓಕ್‌ಲೆಂಡಿನಲ್ಲಿ ಜೀತದಾಳಾದ. ಮುಂದೆ ಕೋಟಿಗಟ್ಟಲೆ ಪೌಂಡಿನ ಕರಾರುಗಳನ್ನು ಸಾಲು ಸಾಲಾಗಿ ಓದಬೇಕಾದವರಿಗೆ ಇದಕ್ಕಿಂತ ಖಡಕ್ ಪಾಠಶಾಲೆ ಸಿಗುತ್ತಿತ್ತೇ?

ಮರಳಿ ಬಂದು ಇಂಗ್ಲಿಷ್ ಮೇಷ್ಟ್ರಾದರು, ಕುಡಿತದಿಂದ ಕೆಲಸ ಕಳೆದುಕೊಂಡರು, ದೂರದ ಕರತ್ಸುವಿನಲ್ಲಿ ಮತ್ತೆ ಮೇಷ್ಟ್ರಾದರು. 1880ರ ದಶಕದಲ್ಲಿ ಕೃಷಿ ಮತ್ತು ವಾಣಿಜ್ಯ ಇಲಾಖೆ ಸೇರಿ, 1884ರ ಟ್ರೇಡ್‌ಮಾರ್ಕ್ ನಿಯಮ ಮತ್ತು 1885ರ ಪೇಟೆಂಟ್ ಕಾಯಿದೆ ಎರಡಕ್ಕೂ ದುಡಿದರು. ಪೇಟೆಂಟ್ ಕಚೇರಿಯ ಮೊದಲ ಮುಖ್ಯಸ್ಥರು ಅವರೇ. ಅಷ್ಟರಲ್ಲಿ ಪೆರು ದೇಶದ ಬೆಳ್ಳಿ ಗಣಿಯ ಆಸೆ ಹತ್ತಿತು. 1889ರಲ್ಲಿ ಕೆಲಸ ಬಿಟ್ಟು ಹೋದರು. ಅದು ಬಗೆದು ಬರಿದಾಗಿದ್ದ ಗಣಿ. ಹಾಕಿದ ಗಂಟು ಮುಳುಗಿತು. 1892ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಅವರನ್ನು ತೆಗೆದುಕೊಂಡದ್ದು ಬ್ಯಾಂಕ್ ಕೆಲಸಕ್ಕಲ್ಲ, ಹೊಸ ಕಟ್ಟಡದ ಉಸ್ತುವಾರಿಗೆ. ಆ ಕಟ್ಟಡದ ವಾಸ್ತುಶಿಲ್ಪಿ ತತ್ಸುನೊ ಕಿಂಗೊ, ಕರತ್ಸುವಿನಲ್ಲಿ ಇದೇ ಮೇಷ್ಟ್ರ ಶಿಷ್ಯ! ಅಲ್ಲಿಂದ ಏರಿಕೆ ಚುರುಕು: ಶಿಮೊನೊಸೆಕಿ ಶಾಖೆ, ವಿದೇಶಿ ವಿನಿಮಯದ ಯೊಕೊಹಾಮಾ ಸ್ಪೀಸೀ ಬ್ಯಾಂಕ್, 1899ರಲ್ಲಿ ಬ್ಯಾಂಕ್ ಆಫ್ ಜಪಾನಿನ ಉಪಗವರ್ನರ್.

1904ರ ಫೆಬ್ರವರಿಯಲ್ಲಿ ರಷ್ಯಾ ಜೊತೆ ಯುದ್ಧ ಶುರುವಾಯಿತು. ಬಂದೂಕು, ಹಡಗು, ಉಕ್ಕು ಎಲ್ಲಕ್ಕೂ ಹೊರಗೆ ಚಿನ್ನ ಕೊಡಬೇಕು. ಯೆನ್ ನೋಟಿಗೆ ಚಿನ್ನವೇ ಆಧಾರ, ಕೈಯಲ್ಲಿರುವ ಚಿನ್ನ ಖರ್ಚಾದರೆ ಯೆನ್ ಕುಸಿಯುತ್ತದೆ. ತಕಹಾಶಿ ಅವರನ್ನು 1 ಕೋಟಿ ಪೌಂಡ್ ಸಾಲ ತರಲು ಕಳುಹಿಸಿದರು. ಜೊತೆಗೆ ಹೋದ ಕಾರ್ಯದರ್ಶಿ ಫುಕಾಯ್ ಎಯ್‌ಗೊ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲಂಡನ್ನಿನ ಬ್ಯಾಂಕುಗಳು 50 ಲಕ್ಷ ಪೌಂಡಿಗಷ್ಟೇ ಒಪ್ಪಿದವು. ಉಳಿದರ್ಧವನ್ನು ನ್ಯೂಯಾರ್ಕಿನ ಕೂನ್ ಲೋಬ್ ಸಂಸ್ಥೆಯ ಜೇಕಬ್ ಶಿಫ್ ವಹಿಸಿಕೊಂಡರು. ಯಹೂದಿಗಳ ಮೇಲೆ ರಷ್ಯಾದ ದೊರೆತನ ನಡೆಸುತ್ತಿದ್ದ ದೌರ್ಜನ್ಯದ ಬಗ್ಗೆ ಶಿಫ್ ಅವರಿಗಿದ್ದ ಸಿಟ್ಟು ಇಲ್ಲಿ ಕೆಲಸ ಮಾಡಿತು. 1904ರ ಮೇ ತಿಂಗಳ ಈ ಮೊದಲ ಸಾಲದ ಷರತ್ತುಗಳನ್ನು ನೋಡಿ: ಬಡ್ಡಿ ಶೇ 6, ಅವಧಿ 7 ವರ್ಷ, ಅಡಮಾನವಾಗಿ ಕಸ್ಟಮ್ಸ್ ಸುಂಕದ ಆದಾಯ. 100 ಪೌಂಡಿನ ಬಾಂಡ್ ಮಾರಿದ್ದು 93.5ಕ್ಕೆ, ಸರ್ಕಾರದ ಕೈಗೆ ಬಂದದ್ದು 90. ಅಂದರೆ 90 ಪಡೆದು 100 ತೀರಿಸಬೇಕು, ವರ್ಷವರ್ಷ ಬಡ್ಡಿ ಬೇರೆ. ದುಬಾರಿಯೇ. ಅದೇ ತಿಂಗಳು ಯಾಲು ನದಿಯ ದಂಡೆಯಲ್ಲಿ ಜಪಾನ್ ಗೆದ್ದ ಸುದ್ದಿ ಬಂದದ್ದರಿಂದ ಬಾಂಡಿಗೆ ಮುಗಿಬಿದ್ದರು. ನವೆಂಬರಿನಲ್ಲಿ 1.2 ಕೋಟಿ, ಅದಕ್ಕೂ ಶೇ 6. 1905ರ ಮಾರ್ಚಿಗೆ ಬಡ್ಡಿ ಶೇ 4.5ಕ್ಕೆ ಇಳಿದು, ತಂಬಾಕು ಏಕಸ್ವಾಮ್ಯದ ಆದಾಯದ ಮೇಲೆ 3 ಕೋಟಿ ಬಂತು. ಜುಲೈಯಲ್ಲಿ ಜರ್ಮನಿಯೂ ಸೇರಿ ಇನ್ನೊಂದು 3 ಕೋಟಿ. ನಾಲ್ಕು ಸಾಲ ಕೂಡಿಸಿದರೆ 8.2 ಕೋಟಿ ಪೌಂಡ್. ಆ ಕಾಲಕ್ಕೆ ಸುಮಾರು 80 ಕೋಟಿ ಯೆನ್, ಅಂದರೆ ಯುದ್ಧದ ಒಟ್ಟು ವೆಚ್ಚದ ಅರ್ಧದ ಹತ್ತಿರ. ಯುದ್ಧ ಮುಗಿದ ಮೇಲೂ ಹೆಚ್ಚು ಬಡ್ಡಿಯದನ್ನು ಕಡಿಮೆ ಬಡ್ಡಿಯದರಿಂದ ತೀರಿಸಲು ಹೊಸ ಸಾಲ ಎತ್ತಿದರು.

1905ರಲ್ಲಿ ಮೇಲ್ಮನೆಯ ಸದಸ್ಯತ್ವ, 1907ರಲ್ಲಿ ಬ್ಯಾರನ್ ಪದವಿ, 1911ರಲ್ಲಿ ಬ್ಯಾಂಕ್ ಆಫ್ ಜಪಾನಿನ ಗವರ್ನರ್ ಹುದ್ದೆ, 1913ರ ಫೆಬ್ರವರಿಯಲ್ಲಿ ಯಮಾಮೊತೊ ಸಂಪುಟದಲ್ಲಿ ಮೊದಲ ಸಲ ಹಣಕಾಸು. ಆಗಲೇ ಸೆಯುಕಾಯ್ ಪಕ್ಷಕ್ಕೂ ಸೇರಿದರು. ಸೇನಾ ಸಚಿವರು ಸೇವೆಯಲ್ಲಿರುವವರೇ ಆಗಬೇಕೆಂಬ ನಿಯಮವನ್ನು ಸಡಿಲಿಸಿದ್ದೂ ಇದೇ ಸಂಪುಟ.

ಎರಡನೇ ಸಲ 1918ರಲ್ಲಿ, ಹಾರಾ ಸಂಪುಟದಲ್ಲಿ. ಹೊಗಳುವವರು ಈ ಅವಧಿಯನ್ನು ದಾಟಿಕೊಂಡು ಹೋಗುತ್ತಾರೆ. ಮೊದಲ ಮಹಾಯುದ್ಧದ ಲಾಭದಿಂದ ಬೆಲೆಗಳು ಹುಚ್ಚೆದ್ದು ಏರುತ್ತಿದ್ದಾಗ ಬಡ್ಡಿ ಏರಿಸಿ ಬಿಸಿ ತಗ್ಗಿಸಬೇಕಿತ್ತು, ತಡ ಮಾಡಿದರು. 1920ರ ಮಾರ್ಚಿನಲ್ಲಿ ಷೇರುಪೇಟೆ ಕುಸಿಯಿತು. ಆಗ ಹುಟ್ಟಿದ ಕೆಟ್ಟ ಸಾಲಗಳು 1927ರವರೆಗೂ ಬ್ಯಾಂಕುಗಳ ಹೊಟ್ಟೆಯಲ್ಲಿ ಉಳಿದವು. ಅದೇ 1920ರಲ್ಲಿ ಅವರು ಸಿದ್ಧಪಡಿಸಿದ ಒಂದು ಟಿಪ್ಪಣಿಯಲ್ಲಿ ಭೂಸೇನೆಯ ಯುದ್ಧಯೋಜನೆ ನಡೆಸುವ ಜನರಲ್ ಸ್ಟಾಫ್ ಕಚೇರಿಯನ್ನೇ ರದ್ದು ಮಾಡಬೇಕು ಎಂದಿತ್ತು. ಪ್ರಧಾನಿ ಹಾರಾ ಅದನ್ನು ಹಂಚದಂತೆ ತಡೆದರು. ಸೇನೆಯ ಜೊತೆಗಿನ ಮನಸ್ತಾಪ 1935ರಲ್ಲಿ ಹುಟ್ಟಿದ್ದಲ್ಲ.

1921ರ ನವೆಂಬರ್ 4ರಂದು ಹಾರಾ ಕೊಲೆಯಾದಾಗ ತಕಹಾಶಿ ಪ್ರಧಾನಿಯಾದರು, ಹಣಕಾಸನ್ನೂ ಇಟ್ಟುಕೊಂಡರು. ಅದು ಮೂರನೇ ಸಲ. 55ನೇ ವಿಧಿ ಕಚ್ಚಿದ್ದು ಇಲ್ಲೇ. ಸಂಪುಟ ಪುನರ್ರಚಿಸಲು ಹೊರಟರು. ಅವರದೇ ಪಕ್ಷದ ಇಬ್ಬರು ಸಚಿವರು ಜಾಗ ಬಿಡೆವು ಎಂದರು. ಪ್ರಧಾನಿ ಮಾಡುವಂಥದ್ದೇನೂ ಉಳಿಯಲಿಲ್ಲ. 1922ರ ಜೂನಿನಲ್ಲಿ ಇಡೀ ಸಂಪುಟ ಇಳಿಯಿತು. ಏಳು ತಿಂಗಳ ಈ ಪ್ರಧಾನಿಗಿರಿ ಅವರ ಬದುಕಿನ ಅತಿ ದುರ್ಬಲ ಅಧ್ಯಾಯ; ಪಕ್ಷ ನಡೆಸುವ ಜಾಣ್ಮೆ ಅವರಲ್ಲಿರಲಿಲ್ಲ. 1924ರಲ್ಲಿ ಮಾತ್ರ ಒಂದು ಸೊಗಸಾದ ಕೆಲಸ ಮಾಡಿದರು. ಕುಲೀನ ಪದವಿ ಇದ್ದವರು ಕೆಳಮನೆಗೆ ನಿಲ್ಲುವಂತಿರಲಿಲ್ಲ. ಪದವಿಯನ್ನು ಮಗನಿಗೆ ಬಿಟ್ಟುಕೊಟ್ಟು, ಹಾರಾ ಅವರ ಕ್ಷೇತ್ರವಾಗಿದ್ದ ಮೊರಿಒಕಾದಿಂದ ನಿಂತು 49 ಮತಗಳಿಂದ ಗೆದ್ದರು. ವರ್ಷದೊಳಗೆ ರಾಜಕೀಯ ಸಾಕೆಂದು ಬಿಟ್ಟರು.

ಬಿಟ್ಟವರನ್ನು 1927ರ ಏಪ್ರಿಲಿನಲ್ಲಿ ಮತ್ತೆ ಎಳೆತಂದರು. ಆಗಿನ ಹಣಕಾಸು ಸಚಿವ ಕತಒಕಾ ಮಾರ್ಚ್ 14ರಂದು ಸಂಸತ್ತಿನಲ್ಲಿ ಟೋಕಿಯೊ ವತನಬೆ ಬ್ಯಾಂಕ್ ಮುಳುಗಿತು ಎಂದುಬಿಟ್ಟರು, ಬಾಗಿಲು ಇನ್ನೂ ತೆರೆದಿದ್ದ ಬ್ಯಾಂಕಿನ ಬಗ್ಗೆ. ಠೇವಣಿದಾರರು ಸಾಲು ನಿಂತರು. ಸುಜುಕಿ ವ್ಯಾಪಾರ ಸಂಸ್ಥೆ ಬಿತ್ತು, ಅದಕ್ಕೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ತೈವಾನ್ ತತ್ತರಿಸಿತು. ಅದನ್ನು ಉಳಿಸುವ ತುರ್ತು ರಾಜಾಜ್ಞೆಗೆ, ನಮ್ಮ ಸುಗ್ರೀವಾಜ್ಞೆ ಇದ್ದಂತೆ ಎನ್ನಿ, ಚಕ್ರವರ್ತಿಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಏಪ್ರಿಲ್ 17ರಂದು ಒಪ್ಪಿಗೆ ನಿರಾಕರಿಸಿತು. ಸರ್ಕಾರ ಬಿತ್ತು. 20ರಂದು ತನಾಕಾ ಸಂಪುಟದಲ್ಲಿ ತಕಹಾಶಿ ನಾಲ್ಕನೇ ಸಲ ಅಧಿಕಾರ ವಹಿಸಿಕೊಂಡರು.

ಅವರ ಕ್ರಮಗಳ ಜೋಡಣೆ ಗಮನಿಸಿ. ಮೂರು ವಾರ ಸಾಲ ಪಾವತಿ ಮುಂದೂಡಿಕೆಯ ರಾಜಾಜ್ಞೆ 22ರಂದೇ ಜಾರಿಗೆ ಬಂತು. ಆದರೆ ಸಂಬಳ ಮತ್ತು ದಿನಕ್ಕೆ 500 ಯೆನ್‌ವರೆಗಿನ ಠೇವಣಿ ವಾಪಸಾತಿಗೆ ಅಡ್ಡಿಯಿಲ್ಲ. ಆ ಎರಡು ದಿನ, ಶುಕ್ರವಾರ ಮತ್ತು ಶನಿವಾರ, ಬ್ಯಾಂಕುಗಳೇ ಸ್ವಯಂ ರಜೆ ಹಾಕಿದವು. ಭಾನುವಾರ ಹೇಗೂ ರಜೆ. ಈ ಮೂರು ದಿನದಲ್ಲಿ ಬ್ಯಾಂಕ್ ಆಫ್ ಜಪಾನ್ ನೋಟು ತುಂಬಿಸಬೇಕಿತ್ತು. ಎರಡು ಬದಿ ಅಚ್ಚು ಹಾಕಲು ಸಮಯವಿಲ್ಲ. ಹಿಂಬದಿ ಖಾಲಿ ಬಿಟ್ಟು 200 ಯೆನ್ ನೋಟು ಹೊಡೆದರು. ಸೋಮವಾರ 25ರಂದು ಬ್ಯಾಂಕುಗಳು ಬಾಗಿಲು ತೆರೆದಾಗ ಕೌಂಟರಿನಲ್ಲಿ ಕಂತೆಕಂತೆ ನೋಟು ಕಣ್ಣಿಗೆ ಬೀಳುವಂತಿತ್ತು. ಹಣವಿದೆ ಎಂದು ಕಂಡರೆ ಹಣ ತೆಗೆಯುವ ಆತುರ ಇಳಿಯುತ್ತದೆ. ನಂತರ ಬ್ಯಾಂಕ್ ಆಫ್ ಜಪಾನ್ ಕೊಟ್ಟ ತುರ್ತು ಸಾಲದಲ್ಲಿ ನಷ್ಟವಾದರೆ ಸರ್ಕಾರ 50 ಕೋಟಿ ಯೆನ್‌ವರೆಗೆ ತುಂಬಿಕೊಡುವ ಕಾನೂನು ಬಂತು. ಜೂನ್ 2ಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಒಟ್ಟು ಆರು ವಾರದ ಕೆಲಸ. ಹಿಂದಿನ ಸಚಿವರಿಗೆ ಸಿಗದ ರಾಜಾಜ್ಞೆ ಇವರಿಗೆ ಎರಡೇ ದಿನದಲ್ಲಿ ಸಿಕ್ಕಿತಲ್ಲ. ಕುರ್ಚಿ ಅದೇ, ಕೂತವರು ಬೇರೆ.

ಐದನೇ ಸಲ 1931ರ ಡಿಸೆಂಬರ್ 13, ಇನುಕಾಯ್ ಸಂಪುಟ. ಹಿಂದಿನ ಸಚಿವ ಇನೊಉಎ 1930ರ ಜನವರಿಯಲ್ಲಿ, ಜಗತ್ತೇ ಮುಗ್ಗರಿಸುತ್ತಿದ್ದ ಹೊತ್ತಿಗೆ, ಯೆನ್ನನ್ನು ಹಳೆಯ ಬೆಲೆಗೇ ಚಿನ್ನಕ್ಕೆ ಕಟ್ಟಿದ್ದರು: 100 ಯೆನ್‌ಗೆ 49.85 ಡಾಲರ್. ರೇಷ್ಮೆ ಮತ್ತು ಅಕ್ಕಿಯ ಬೆಲೆ ನೆಲಕಚ್ಚಿತು. ತಕಹಾಶಿ ಬಂದ ದಿನವೇ ಚಿನ್ನದ ರಫ್ತು ನಿಷೇಧಿಸಿದರು. 100 ಯೆನ್‌ನ ಬೆಲೆ ಒಂದು ವರ್ಷದಲ್ಲಿ ಸುಮಾರು 20 ಡಾಲರಿಗೆ ಜಾರಿತು. ಬ್ಯಾಂಕ್ ಆಫ್ ಜಪಾನಿನ ಡಿಸ್ಕೌಂಟ್ ದರ, ಅಂದರೆ ಅದು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 1932ರ ಆರಂಭದಲ್ಲಿ ಶೇ 6.57 ಇದ್ದದ್ದು ಮೂರು ಹಂತದಲ್ಲಿ ಆಗಸ್ಟಿಗೆ 4.38, ಮರುವರ್ಷ ಜುಲೈಗೆ 3.65. ಚಿನ್ನದ ಬೆಂಬಲವಿಲ್ಲದೆ ಹೊರಡಿಸಬಹುದಾದ ನೋಟಿನ ಮಿತಿ 12 ಕೋಟಿಯಿಂದ 100 ಕೋಟಿ ಯೆನ್‌ಗೆ ಏರಿತು. ಬಂಡವಾಳ ಹೊರಗೆ ಓಡದಂತೆ 1932ರಲ್ಲಿ ಒಂದು, 1933ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾನೂನು ಬಂತು. ಈ ಬೇಲಿ ಇಲ್ಲದಿದ್ದರೆ ಅಗ್ಗದ ಬಡ್ಡಿಯ ಹಣವೆಲ್ಲ ಡಾಲರಿಗೆ ಹೋಗಿಬಿಡುತ್ತಿತ್ತು.

ಅಗ್ಗದ ಯೆನ್‌ನ ಬಿಸಿ ನಮ್ಮ ಕಡೆಗೂ ತಟ್ಟಿತು. ಜಪಾನಿನ ಹತ್ತಿಬಟ್ಟೆ ಭಾರತದ ಪೇಟೆಗೆ ನುಗ್ಗಿದಾಗ ಬ್ರಿಟನ್ನಿನಲ್ಲದ ಬಟ್ಟೆಯ ಮೇಲಿನ ಸುಂಕವನ್ನು 1932ರ ಆಗಸ್ಟಿನಲ್ಲಿ ಶೇ 50ಕ್ಕೆ, 1933ರ ಜೂನಿನಲ್ಲಿ ಶೇ 75ಕ್ಕೆ ಏರಿಸಿದರು. ಜಪಾನ್ ಭಾರತದ ಹತ್ತಿ ಕೊಳ್ಳುವುದನ್ನು ನಿಲ್ಲಿಸಿತು, 1934ರಲ್ಲಿ ಒಪ್ಪಂದವಾಯಿತು. ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರನ್ನೂ ಆ ವರ್ಷಗಳಲ್ಲಿ ಜಪಾನಿನ ಅಗ್ಗದ ರೇಷ್ಮೆ ಹೈರಾಣಾಗಿಸಿತು.

ಹೆಸರಾದದ್ದು 1932ರ ನವೆಂಬರಿನಲ್ಲಿ ಶುರುವಾದ ಬಾಂಡ್ ಪದ್ಧತಿ. ಸರ್ಕಾರ ಬಾಂಡನ್ನು ಮಾರುಕಟ್ಟೆಗೆ ಒಯ್ಯದೆ ನೇರ ಬ್ಯಾಂಕ್ ಆಫ್ ಜಪಾನಿಗೆ ಕೊಡುತ್ತದೆ. ಬಂದ ಹಣವನ್ನು ರಸ್ತೆ, ಕಾಲುವೆ, ಈಶಾನ್ಯ ಚೀನಾದ ಮಂಚೂರಿಯದಲ್ಲಿದ್ದ ಜಪಾನಿ ಸೇನೆ, ಹಡಗುಗಳಿಗೆ ಖರ್ಚು ಮಾಡುತ್ತದೆ. ಆ ಹಣ ಗುತ್ತಿಗೆದಾರರ, ಕೂಲಿಗಳ ಕೈ ದಾಟಿ ಬ್ಯಾಂಕುಗಳಲ್ಲಿ ಠೇವಣಿಯಾಗಿ ಬೀಳುತ್ತದೆ. ಸಾಲ ಕೇಳುವವರು ಕಡಿಮೆ ಇರುವುದರಿಂದ ಬ್ಯಾಂಕುಗಳಲ್ಲಿ ಹಣ ಕೊಳೆಯುತ್ತದೆ. ಆಗ ಬ್ಯಾಂಕ್ ಆಫ್ ಜಪಾನ್ ತನ್ನಲ್ಲಿರುವ ಬಾಂಡುಗಳನ್ನು ಅವುಗಳಿಗೆ ಮಾರಿ ಹೆಚ್ಚುವರಿ ಹಣ ಹೀರಿಕೊಳ್ಳುತ್ತದೆ. ಮೊದಲ ಭಾಗವನ್ನಷ್ಟೇ ನೋಡಿ ‘ನೋಟು ಅಚ್ಚು ಹಾಕಿ ಖರ್ಚು ಮಾಡಿದರು’ ಎನ್ನುವವರಿದ್ದಾರೆ. ಎರಡನೆಯ ಭಾಗವಿಲ್ಲದೆ ಇದು ತಕಹಾಶಿ ಪದ್ಧತಿಯೇ ಅಲ್ಲ. 1935ರವರೆಗೆ ಬ್ಯಾಂಕ್ ಆಫ್ ಜಪಾನ್ ಹೊತ್ತುಕೊಂಡ ಬಾಂಡುಗಳಲ್ಲಿ ಬಹುಪಾಲನ್ನು ಹೀಗೆ ಮಾರಿತು. ಅದರ ಮೇಲ್ವಿಚಾರಣೆ ನಡೆಸಿದವರಲ್ಲಿ ಆ ಹಳೆಯ ಕಾರ್ಯದರ್ಶಿ ಫುಕಾಯ್ ಒಬ್ಬರು. ಮೊದಲು ಉಪಗವರ್ನರ್, 1935ರಲ್ಲಿ ಗವರ್ನರ್.

ಈ ಯಂತ್ರ ಎಲ್ಲಿ ಕೆಡುತ್ತದೆ ಎಂಬುದೂ ಅವರಿಬ್ಬರಿಗೆ ಗೊತ್ತಿತ್ತು. ಕಾರ್ಖಾನೆಗಳು ಪೂರ್ತಿ ದುಡಿಯತೊಡಗಿದರೆ ಬ್ಯಾಂಕುಗಳಿಗೆ ಸಾಲ ಕೊಡಲು ಗಿರಾಕಿಗಳು ಸಿಗುತ್ತಾರೆ, ಬಾಂಡ್ ಕೊಳ್ಳುವುದಿಲ್ಲ. ಮಾರಾಟವಾಗದ ಬಾಂಡ್ ಬ್ಯಾಂಕ್ ಆಫ್ ಜಪಾನಿನಲ್ಲೇ ಉಳಿದರೆ ಅದು ಬರೀ ನೋಟು. 1935ರಲ್ಲಿ ಈ ಸೂಚನೆ ಕಾಣತೊಡಗಿತು. ಸರ್ಕಾರದ ಖರ್ಚು 1931ರಲ್ಲಿ ಸುಮಾರು 148 ಕೋಟಿ ಯೆನ್ ಇದ್ದದ್ದು 1933ಕ್ಕೆ 225 ಕೋಟಿ ಮುಟ್ಟಿತ್ತು. ಅಲ್ಲಿಂದ ಅದನ್ನು ಹೆಚ್ಚೂಕಡಿಮೆ ಅಲ್ಲೇ ಹಿಡಿದಿಟ್ಟು, ವರ್ಷಕ್ಕಿಷ್ಟು ಎಂದು ಹೊಸ ಬಾಂಡ್ ಇಳಿಸುತ್ತ ಬರುವುದು ಅವರ ಲೆಕ್ಕ.

ಅಡ್ಡ ಬಂದದ್ದು ಸೇನೆ. ಒಟ್ಟು ಖರ್ಚಿನಲ್ಲಿ ಅದರ ಪಾಲು 1931ರಲ್ಲಿ ಮೂರನೇ ಒಂದು ಭಾಗದಷ್ಟೂ ಇರಲಿಲ್ಲ, 1935ಕ್ಕೆ ಅರ್ಧದ ಹತ್ತಿರ ಬಂದಿತ್ತು. ಅದರಲ್ಲಿ ತಕಹಾಶಿ ಅವರ ಪಾಲೂ ಇದೆ. ಮೊದಲ ಮೂರು ವರ್ಷ ಹಣದ ಬಾಗಿಲು ತೆರೆದವರು ಅವರೇ, ಸೇನೆಗೆ ರುಚಿ ಹತ್ತಿಸಿದವರೂ ಅವರೇ. 1932ರಲ್ಲಿ ಶುರುವಾದ ಹಳ್ಳಿಗಳ ಪರಿಹಾರ ಕಾಮಗಾರಿ ಮೂರು ವರ್ಷಕ್ಕೆ ನಿಂತಿತು, ಸೇನೆಯ ಬಾಬ್ತು ಮಾತ್ರ ನಿಲ್ಲಲಿಲ್ಲ. 1934ರಲ್ಲಿ ಈಶಾನ್ಯದ ಪ್ರಾಂತ್ಯಗಳಲ್ಲಿ ಬೆಳೆ ಹೋಗಿ ಜನ ಕಂಗೆಟ್ಟಿದ್ದರು. ಅಲ್ಲಿಂದ ಬಂದ ಸೈನಿಕರನ್ನು ದಿನವೂ ನೋಡುತ್ತಿದ್ದ ಕಿರಿಯ ಅಧಿಕಾರಿಗಳ ಕಣ್ಣಿಗೆ ಈ ಮುದುಕ ದೊಡ್ಡ ಬ್ಯಾಂಕುಗಳ ಆಳಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

1935ರ ನವೆಂಬರ್ ಕೊನೆಯಲ್ಲಿ, ಒಕಾದಾ ಸಂಪುಟದಲ್ಲಿ ಏಳನೇ ಸಲ ಹಣಕಾಸು ಹೊತ್ತಿದ್ದ ಅವರಿಗೆ 81 ವರ್ಷ. 1936ರ ಬಜೆಟ್ ಮೇಲಿನ ಸಂಪುಟ ಸಭೆ ರಾತ್ರಿಯಿಡೀ ನಡೆಯಿತು. ಭೂಸೇನೆ ಕೇಳಿದ್ದರಲ್ಲಿ ಸಿಕ್ಕಿದ್ದು ಅಲ್ಪ. ಗೆದ್ದರು ನಿಜ, ಆದರೆ ಯಾವ ಬಲದಿಂದ? ಸೇನೆಯ ಮೇಲೆ ಹಣಕಾಸು ಇಲಾಖೆಗೆ ಅಧಿಕಾರ ಕೊಡುವ ಕಾನೂನು ಒಂದೂ ಇರಲಿಲ್ಲ. ಪ್ರಧಾನಿ ಬೆನ್ನಿಗಿದ್ದರೂ ಸೇನಾ ಸಚಿವರಿಗೆ ಆಜ್ಞೆ ಮಾಡುವಂತಿರಲಿಲ್ಲ. ಆ ಬಜೆಟ್ಟಿಗೆ ತಡೆಗೋಡೆಯಾಗಿದ್ದದ್ದು ಒಬ್ಬ ವ್ಯಕ್ತಿ. ಎದುರಾಳಿಗಳಿಗೂ ಅದು ಗೊತ್ತಿತ್ತು.

1936ರ ಫೆಬ್ರವರಿ 26ರ ಬೆಳಗಿನ ಜಾವ, ಹಿಮ ಬಿದ್ದಿದ್ದ ಟೋಕಿಯೊದಲ್ಲಿ, ದಂಗೆಯೆದ್ದ ಕಿರಿಯ ಅಧಿಕಾರಿಗಳಲ್ಲಿ ಒಬ್ಬನಾದ, ಕಾವಲು ದಳದ ಮೂರನೇ ರೆಜಿಮೆಂಟಿನ ಲೆಫ್ಟಿನೆಂಟ್ ನಕಹಾಶಿ ತನ್ನ ಸೈನಿಕರೊಂದಿಗೆ ಅಕಸಾಕಾದ ಮನೆಗೆ ನುಗ್ಗಿದ. ಮಹಡಿಯ ಮೇಲೆ ಹಾಸಿಗೆಯಲ್ಲಿದ್ದ ತಕಹಾಶಿ ಅವರನ್ನು ಗುಂಡಿಟ್ಟು, ಕತ್ತಿಯಿಂದ ಕಡಿದು ಕೊಂದರು. ತಕಹಾಶಿ ಆರನೇ ಸಲ ಹಣಕಾಸು ಸಚಿವರಾಗಿದ್ದಾಗ ಪ್ರಧಾನಿಯಾಗಿದ್ದ ಸೈತೊ ಕೂಡ ಅದೇ ಬೆಳಿಗ್ಗೆ ಸತ್ತರು. ಪ್ರಧಾನಿ ಒಕಾದಾ ಬದುಕಿದ್ದು, ದಂಗೆಕೋರರು ಅವರ ಭಾವಮೈದುನನನ್ನು ಅವರೆಂದು ತಿಳಿದು ಕೊಂದದ್ದರಿಂದ.

ಹೊಸ ಸಂಪುಟದ ಹಣಕಾಸು ಸಚಿವ ಬಾಬಾ ಎಯ್‌ಇಚಿ ಬಾಂಡ್ ಇಳಿಸುವ ನೀತಿಯನ್ನು ಕೈಬಿಟ್ಟರು. ಮೇ ತಿಂಗಳಲ್ಲಿ ಸೇನಾ ಸಚಿವರು ಸೇವೆಯಲ್ಲಿರುವವರೇ ಆಗಬೇಕೆಂಬ ಹಳೆಯ ನಿಯಮ ಮರಳಿ ಬಂತು. ನೇರ ಬ್ಯಾಂಕ್ ಆಫ್ ಜಪಾನಿಗೆ ಬಾಂಡ್ ಕೊಡುವ ಪದ್ಧತಿ ಯುದ್ಧ ಮುಗಿಯುವವರೆಗೂ ನಡೆಯಿತು. ಅದನ್ನು ನಿಷೇಧಿಸುವ ಸಾಲು ಜಪಾನಿನ ಕಾನೂನಿನಲ್ಲಿ ಬಂದದ್ದು 1947ರಲ್ಲಿ, ಸಾರ್ವಜನಿಕ ಹಣಕಾಸು ಕಾಯಿದೆಯ 5ನೇ ವಿಧಿಯಾಗಿ. ನಾಲ್ಕು ವರ್ಷದ ನಂತರ, 1951ರಲ್ಲಿ ಹೊರಬಂದ 50 ಯೆನ್ ನೋಟಿನ ಮೇಲೆ ತಕಹಾಶಿ ಅವರ ಗುಂಡು ಮುಖವಿತ್ತು.